ನಾಲ್ಕು ಚದರ ಲೀಗ್ ನೆಲ: ಸ್ಯಾನ್ ಫ್ರಾನ್ಸಿಸ್ಕೊ ಊರಿನ ಭೂಹಕ್ಕಿನ ದಾವೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತೊಂಬತ್ತನೆಯ ಶತಮಾನದ ಭೂವ್ಯಾಜ್ಯಗಳ ಬಗ್ಗೆ ಮಾತನಾಡಿದಾಗಲೆಲ್ಲ ಕೇಳುಗರ ಕುತೂಹಲ ಕಡೆಗೆ ಬಂದು ನಿಲ್ಲುವುದು ಕ್ಯಾಲಿಫೋರ್ನಿಯಾದ ಈ ಒಂದು ದಾವೆಯ ಮೇಲೆ. ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲಿಯೇ ಇರಿಸಿ, ಇಲ್ಲಿ ಉತ್ತರಿಸಲಾಗಿದೆ.

## ಮೊದಲ ಪರಿಚಯ

ಒಂದು ಊರು ತನ್ನ ನೆಲ ತನ್ನದೆಂದು ಕೋರ್ಟಿಗೆ ಹೋಗಬೇಕಾಗಿ ಬಂದದ್ದು ಯಾಕೆ?

ರಾಜ್ಯ ಕೈಬದಲಾದದ್ದರಿಂದ. ಮೆಕ್ಸಿಕೊ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನದ ನಡುವೆ ಯುದ್ಧ ನಡೆಯುತ್ತಿದ್ದಾಗ, 1846ರ ಜುಲೈ 7ರಂದು ಅಮೆರಿಕದ ನೌಕಾಪಡೆ ಮಾಂಟೆರೆಯಲ್ಲಿ ಬಾವುಟ ಏರಿಸಿತು. ಎರಡು ದಿನಗಳ ಬಳಿಕ ಯೆರ್ಬಾ ಬ್ವೆನಾ ಎಂದು ಕರೆಯಲಾಗುತ್ತಿದ್ದ ಪುಟ್ಟ ಬಂದರು ಊರಿನಲ್ಲಿಯೂ ಅದೇ ಬಾವುಟ ಏರಿತು. ಮರುವರ್ಷ ಆ ಊರಿನ ಹೆಸರು ಸ್ಯಾನ್ ಫ್ರಾನ್ಸಿಸ್ಕೊ ಎಂದಾಯಿತು. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೊದ ಕಾಲದ ಆಸ್ತಿಹಕ್ಕುಗಳನ್ನು ಗೌರವಿಸುವುದಾಗಿ ಅಮೆರಿಕ ಮಾತು ಕೊಟ್ಟಿತಾದರೂ, ಯಾವುದು ಹಕ್ಕು, ಯಾವುದು ಬರಿಯ ಬಾಯಿಮಾತು ಎಂಬುದನ್ನು ಬೇರ್ಪಡಿಸುವ ಕೆಲಸ ಉಳಿದೇ ಇತ್ತು. ಅದಕ್ಕಾಗಿ 1851ರ ಮಾರ್ಚ್ 3ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಂದು ಕಾಯ್ದೆಯ ಮೂಲಕ ಭೂ ಆಯೋಗವನ್ನು ನೇಮಿಸಿ, ಎರಡು ವರ್ಷಗಳೊಳಗೆ ಅದರ ಮುಂದೆ ಹಾಜರಾಗದ ಹಕ್ಕುಗಳೆಲ್ಲ ಸರ್ಕಾರದ ಪಾಲಾಗುತ್ತವೆ ಎಂದು ವಿಧಿಸಿತು. 1852ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವು ಮೆಕ್ಸಿಕೊದ ಕಾಲದ ‘ಪ್ವೆಬ್ಲೊ’ದ ಉತ್ತರಾಧಿಕಾರಿ ತಾನೆಂದು ಹೇಳಿಕೊಂಡು, ನಾಲ್ಕು ಚದರ ಲೀಗ್ ನೆಲಕ್ಕೆ ಅರ್ಜಿ ಹಾಕಿತು. ಎದುರು ಪಕ್ಷ ಅಮೆರಿಕ ಸರ್ಕಾರವೇ.

ಪ್ವೆಬ್ಲೊ ಅಂದರೆ ಊರು ಅಂತ ತಾನೆ ಅರ್ಥ? ಅದರಲ್ಲಿ ಕಾನೂನಿನ ಮಾತೇನಿದೆ?

ಸ್ಪ್ಯಾನಿಷ್ ಭಾಷೆಯಲ್ಲಿ ಅದು ಊರೂ ಹೌದು, ಜನವೂ ಹೌದು. ಆದರೆ ಸ್ಪೇನ್ ತನ್ನ ವಸಾಹತುಗಳಿಗಾಗಿ ಮಾಡಿದ ಕಟ್ಟಳೆಗಳಲ್ಲಿ ಪ್ವೆಬ್ಲೊ ಎಂದರೆ ಬರಿಯ ಮನೆಗಳ ಗುಂಪಲ್ಲ. ನಿವೇಶನ ಹಂಚುವ ಅಧಿಕಾರವುಳ್ಳ ಅಲ್ಕಾಲ್ಡೆ ಎಂಬ ಊರಮುಖ್ಯ, ಅವನ ಜೊತೆಗೊಂದು ಮಂಡಳಿ, ಮತ್ತು ಮನೆ, ಬೇಸಾಯ, ಮೇವು, ಸೌದೆ ಎಲ್ಲಕ್ಕೂ ಒದಗುವಷ್ಟು ಸಾಮೂಹಿಕ ನೆಲ ಇರುವ ಒಂದು ವ್ಯವಸ್ಥೆ. ಈ ಸಾಮೂಹಿಕ ನೆಲವನ್ನು ಗೋಮಾಳಕ್ಕೆ ಹೋಲಿಸಿದರೆ ಅರ್ಧ ಅರ್ಥವಾಗುತ್ತದೆ. ಉಳಿದರ್ಧವೆಂದರೆ, ಅದರಿಂದ ಊರವರಿಗೆ ನಿವೇಶನ ಕತ್ತರಿಸಿ ಕೊಡಲು ಅಲ್ಲಿ ಅವಕಾಶವಿತ್ತು.

ಸ್ಯಾನ್ ಫ್ರಾನ್ಸಿಸ್ಕೊದ ತೊಡಕೆಂದರೆ ಅಲ್ಲಿ ಒಂದಲ್ಲ, ಮೂರು ನೆಲೆಗಳಿದ್ದವು. 1776ರಲ್ಲಿ ಶುರುವಾದ ಪ್ರೆಸಿಡಿಯೊ ಎಂಬ ಸೇನಾಠಾಣ್ಯ, ಅದೇ ವರ್ಷದ ಮಿಷನ್ ಡೊಲೊರೆಸ್ ಎಂಬ ಧರ್ಮಕೇಂದ್ರ, ಮತ್ತು 1835ರಿಂದ ಬೆಳೆದ ಯೆರ್ಬಾ ಬ್ವೆನಾ ಎಂಬ ವ್ಯಾಪಾರದ ದಡ. ಇವುಗಳಲ್ಲಿ ಯಾವುದು ಪ್ವೆಬ್ಲೊ? 1834ರಲ್ಲಿ ಗವರ್ನರ್ ಫಿಗೆರೋವಾ ಪ್ರೆಸಿಡಿಯೊದಲ್ಲಿ ಊರಮಂಡಳಿಯ ಚುನಾವಣೆಗೆ ಅಪ್ಪಣೆ ಕೊಟ್ಟದ್ದೇ ಪ್ವೆಬ್ಲೊದ ಹುಟ್ಟು ಎಂಬುದು ನಗರದ ವಾದ. ಕಾವಲು ಸೈನಿಕರ ಬಿಡಾರಕ್ಕೆ ಊರಿನ ಹೆಸರು ಅಂಟಿಸಿದ ಮಾತ್ರಕ್ಕೆ ಅದು ಊರಾಗದು ಎಂಬುದು ಎದುರಾಳಿಗಳ ವಾದ. 1847ರಲ್ಲಿಯೂ ಊರಿನ ಜನಸಂಖ್ಯೆ 500 ದಾಟಿರಲಿಲ್ಲವೆಂಬುದನ್ನು ನೆನೆದರೆ ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ನಾಲ್ಕು ಚದರ ಲೀಗ್ ಅಂದರೆ ಎಷ್ಟು ಎಕರೆ?

ಲೆಕ್ಕ ಹೀಗಿದೆ. ಕ್ಯಾಲಿಫೋರ್ನಿಯಾದಲ್ಲಿ ಬಳಕೆಯಲ್ಲಿದ್ದ ‘ವಾರಾ’ ಎಂಬ ಅಳತೆ 33 ಅಂಗುಲ. 5,000 ವಾರಾ ಸೇರಿದರೆ ಒಂದು ಲೀಗ್, ಅಂದರೆ 13,750 ಅಡಿ. ಉದ್ದಕ್ಕೆ ಎರಡು, ಅಗಲಕ್ಕೆ ಎರಡು ಲೀಗ್ ಇರುವ ಚೌಕದ ಒಂದೊಂದು ಬದಿ 27,500 ಅಡಿಯಾಗುತ್ತದೆ, ಅಂದರೆ ಸುಮಾರು 8.4 ಕಿಲೋಮೀಟರ್. ಒಟ್ಟು ವಿಸ್ತೀರ್ಣ ಸುಮಾರು 17,360 ಎಕರೆ. ಸ್ಯಾನ್ ಫ್ರಾನ್ಸಿಸ್ಕೊಗೆ ಮೂರು ಕಡೆ ನೀರಿರುವುದರಿಂದ ಚೌಕ ಹೊಂದುವಂತಿರಲಿಲ್ಲ. ಪರ್ಯಾಯ ದ್ವೀಪದ ಉತ್ತರ ತುದಿಯಿಂದ ಅಳೆಯುತ್ತ ಬಂದು, ಅಷ್ಟು ವಿಸ್ತೀರ್ಣ ತುಂಬುವಲ್ಲಿಗೆ ದಕ್ಷಿಣದಲ್ಲಿ ಗೆರೆ ಎಳೆಯಬೇಕಾಯಿತು.

## ದಾವೆ ನಡೆದ ಬಗೆ

ನೆಲ ಕೊಟ್ಟ ಹಕ್ಕುಪತ್ರವೇ ಇಲ್ಲದೆ ಊರು ಗೆದ್ದದ್ದು ಹೇಗೆ?

ಇಡೀ ಪ್ರಕರಣದ ಕೀಲಿ ಇರುವುದು ಇಲ್ಲಿ, ಆದರೆ ಹೆಚ್ಚಿನವರು ಇದನ್ನು ದಾಟಿ ಹೋಗುತ್ತಾರೆ. 1851ರ ಕಾಯ್ದೆಯ 14ನೆಯ ಕಲಮು ಊರುಗಳಿಗೆ ಒಂದು ವಿಶೇಷ ಅನುಕೂಲ ಮಾಡಿಕೊಟ್ಟಿತ್ತು: 1846ರ ಜುಲೈ 7ರಂದು ಒಂದು ನಗರ, ಪಟ್ಟಣ ಅಥವಾ ಹಳ್ಳಿ ಅಸ್ತಿತ್ವದಲ್ಲಿತ್ತು ಎಂದು ರುಜುವಾತು ಮಾಡಿದರೆ ಸಾಕು, ಅದಕ್ಕೆ ನೆಲ ಮಂಜೂರಾಗಿತ್ತು ಎಂಬುದಕ್ಕೆ ಅದೇ ಮೇಲ್ನೋಟದ ಸಾಕ್ಷ್ಯವೆಂದು ಎಣಿಸಬೇಕು. ಖಾಸಗಿ ಹಕ್ಕುದಾರನಾದವನು ತನ್ನ ಅರ್ಜಿ, ನಕ್ಷೆ, ಗವರ್ನರನ ಸಹಿ, ದಾಖಲೆಕೋಠಿಯ ನಮೂದು ಎಲ್ಲವನ್ನೂ ತಂದಿಡಬೇಕಾಗಿದ್ದಾಗ, ಊರು ತಾನು ಇದ್ದೆನೆಂದು ತೋರಿಸಿದರೆ ಸಾಕಾಗಿತ್ತು. ಅಂದರೆ ‘ಕೊಟ್ಟಿದ್ದಾರೆ’ ಎಂದು ಊರು ಸಾಧಿಸಬೇಕಿರಲಿಲ್ಲ. ‘ಕೊಟ್ಟಿಲ್ಲ’ ಎಂದು ಸರ್ಕಾರ ಸಾಧಿಸಬೇಕಾಗಿತ್ತು. ಹಾಗಾಗಿ ನಗರದ ಪರ ವಕೀಲ ಜಾನ್ ಡ್ವಿನೆಲ್ ತನ್ನ ವಾದವನ್ನು ಒಂದು ಕಾಗದದ ಸುತ್ತ ಹೆಣೆಯದೆ, ಸ್ಪೇನಿನ ಕಾಲದಿಂದ ಹಿಡಿದು ಊರಿನ ಇತಿಹಾಸವನ್ನೇ ಸಾಕ್ಷ್ಯವಾಗಿ ಮುಂದಿಟ್ಟ.

1852ರಲ್ಲಿ ಹಾಕಿದ ಅರ್ಜಿ ಇತ್ಯರ್ಥವಾಗಲು ಹದಿನಾಲ್ಕು ವರ್ಷ ಹಿಡಿಯಿತೇ?

ಹಿಡಿಯಿತು. 1854ರ ಡಿಸೆಂಬರಿನಲ್ಲಿ ಭೂ ಆಯೋಗವು ಪ್ವೆಬ್ಲೊ ಇತ್ತೆಂದು ಒಪ್ಪಿತಾದರೂ, ‘ವಲ್ಯೆಹೊ ಗೆರೆ’ ಎಂದು ಹೆಸರಾದ ಒಂದು ಎಲ್ಲೆಯ ಉತ್ತರಕ್ಕಿರುವ ಭಾಗವನ್ನಷ್ಟೇ ಊರಿಗೆ ಬಿಟ್ಟುಕೊಟ್ಟಿತು. ಇಬ್ಬರಿಗೂ ತೃಪ್ತಿಯಾಗದೆ ಇಬ್ಬರೂ ಮೇಲ್ಮನವಿ ಹೋದರು. ಕೆಲಕಾಲದ ಮೇಲೆ ಸರ್ಕಾರ ತನ್ನ ಮನವಿಯನ್ನು ಕೈಬಿಟ್ಟಿತು. ಬಳಿಕ ಕಡತ ಜಿಲ್ಲಾ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಕೂತಿತು. 1864ರ ಜುಲೈ 1ರ ಕಾಯ್ದೆ ಅದನ್ನು ಸರ್ಕ್ಯೂಟ್ ನ್ಯಾಯಾಲಯಕ್ಕೆ ವರ್ಗಾಯಿಸಲು ದಾರಿ ಮಾಡಿತು. ಅಲ್ಲಿ ಕೂತವನು ಕ್ಯಾಲಿಫೋರ್ನಿಯಾದ ಮುಖ್ಯ ನ್ಯಾಯಮೂರ್ತಿಯಾಗಿದ್ದು ಹಿಂದಿನ ವರ್ಷವಷ್ಟೇ ಅಮೆರಿಕದ ಸುಪ್ರೀಂ ಕೋರ್ಟಿಗೆ ಏರಿದ್ದ ಸ್ಟೀಫನ್ ಫೀಲ್ಡ್. ಆತ 1864ರ ಅಕ್ಟೋಬರ್ 31ರಂದು ಊರಿನ ಪರವಾಗಿ ತೀರ್ಪು ಕೊಟ್ಟು, 1865ರ ಮೇ 18ರಂದು ಅಂತಿಮ ಡಿಕ್ರಿ ಹೊರಡಿಸಿದ. ನಾಲ್ಕು ಚದರ ಲೀಗ್ ಪೂರ್ತಿಯಾಗಿ ಊರಿಗೆ ಸಂದಿತು. ಸೇನೆಗೆಂದು ಕಾಯ್ದಿರಿಸಿದ ಜಾಗಗಳೂ ಮೆಕ್ಸಿಕೊ ಸರ್ಕಾರ ಮೊದಲೇ ಖಾಸಗಿಯವರಿಗೆ ಕೊಟ್ಟು ಸಿಂಧುವಾದ ಜಮೀನುಗಳೂ ಅದರಿಂದ ಹೊರಗುಳಿದವು.

ಒಬ್ಬ ವೈದ್ಯನ ಬಾಕಿಗಾಗಿ ಊರಿನ ಜಮೀನೇ ಹರಾಜಾಯಿತಂತೆ, ಇದು ಕಟ್ಟುಕತೆಯೋ ನಿಜವೋ?

ನಿಜ, ಮತ್ತು ಪೌರಾಡಳಿತದ ಚರಿತ್ರೆಯಲ್ಲಿ ಇದಕ್ಕೆ ಸಾಟಿಯಾದ ಎಡವಟ್ಟು ನನಗಂತೂ ಹೊಳೆಯುವುದಿಲ್ಲ. ಚಿನ್ನದ ಹುಚ್ಚಿಗೆ ಬಂದಿಳಿದವರಲ್ಲಿ ಕೈಯಲ್ಲಿ ಕಾಸಿಲ್ಲದ ರೋಗಿಗಳು ಬಹಳ ಮಂದಿ ಇದ್ದರು. ಅವರ ಶುಶ್ರೂಷೆಯ ಗುತ್ತಿಗೆಯನ್ನು ನಗರವು ಪೀಟರ್ ಸ್ಮಿತ್ ಎಂಬ ವೈದ್ಯನಿಗೆ ವಹಿಸಿತು. ಬೊಕ್ಕಸ ಬರಿದಾಗಿದ್ದರಿಂದ ಅವನಿಗೆ ಸಿಕ್ಕದ್ದು ನಗದಲ್ಲ, ತಿಂಗಳಿಗೆ ನೂರಕ್ಕೆ 3ರಂತೆ ಬಡ್ಡಿ ಬೆಳೆಯುವ ಸಾಲಪತ್ರ. ಬಾಕಿ ಸುಮಾರು 64,000 ಡಾಲರಿಗೆ ಏರಿದಾಗ ಆತ ದಾವೆ ಹೂಡಿ ಡಿಕ್ರಿ ಪಡೆದ. 1851ರಲ್ಲಿ ಷೆರೀಫ್ ಊರಿನ ಆಸ್ತಿಯನ್ನು ಜಪ್ತಿ ಮಾಡಿ ಹರಾಜಿಗಿಟ್ಟ. ಆಗ ನಗರದ ಸಾಲ ನೋಡಿಕೊಳ್ಳುತ್ತಿದ್ದ ಅಧಿಕಾರಿಗಳು, ಈ ಹರಾಜಿನಿಂದ ಯಾರಿಗೂ ಹಕ್ಕು ಬಾರದೆಂದು ಸಾರಿಬಿಟ್ಟರು. ಉದ್ದೇಶ ಒಳ್ಳೆಯದಿದ್ದಿರಬಹುದು, ಪರಿಣಾಮ ಮಾತ್ರ ತಿರುವುಮುರುವಾಯಿತು: ಮರ್ಯಾದಸ್ಥ ಕೊಳ್ಳುಗರು ಹಿಂದೆ ಸರಿದರು, ಧೈರ್ಯ ಮಾಡಿದವರು ಬೆಲೆಬಾಳುವ ನೆಲವನ್ನು ಚಿಲ್ಲರೆ ಕಾಸಿಗೆ ಕೂಗಿ ಕೊಂಡರು.

ಮುಂದೆ ಆ ಕೊಳ್ಳುಗರ ಹಕ್ಕು ಪರೀಕ್ಷೆಗೆ ಬಂದದ್ದು ಹಾರ್ಟ್ ವಿರುದ್ಧ ಬರ್ನೆಟ್ ಮೊಕದ್ದಮೆಯಲ್ಲಿ. 1860ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ಪ್ವೆಬ್ಲೊ ನೆಲವನ್ನು ಊರು ಸಾರ್ವಜನಿಕರ ಸಲುವಾಗಿ ನಂಬಿಕೆಯ ಮೇಲೆ ಹಿಡಿದುಕೊಂಡಿದೆಯೇ ಹೊರತು ತನ್ನ ಸ್ವಂತ ಸೊತ್ತಾಗಿ ಅಲ್ಲ, ಆದ್ದರಿಂದ ಊರಿನ ಸಾಲಕ್ಕೆ ಅದನ್ನು ಜಪ್ತಿ ಮಾಡಲಾಗದು ಎಂದಿತು. ಒಬ್ಬ ವೈದ್ಯನ ಬಿಲ್ಲಿನಿಂದ ಹೊರಟ ಜಗಳ ಹೀಗೆ ಊರಿನ ಹಕ್ಕಿನ ಸ್ವರೂಪವನ್ನೇ ನಿರ್ಧರಿಸುವಲ್ಲಿಗೆ ಮುಟ್ಟಿತು.

ಲಿಮಂಟೂರ್ ಎಂಬವನು ಅರ್ಧ ಊರೇ ತನ್ನದು ಅಂದನಂತಲ್ಲ, ಆ ಕತೆ ಏನು?

ಹೋಸೆ ಈವ್ ಲಿಮಂಟೂರ್ ಫ್ರಾನ್ಸಿನಲ್ಲಿ ಹುಟ್ಟಿ ಮೆಕ್ಸಿಕೊದ ಕರಾವಳಿಯಲ್ಲಿ ವ್ಯಾಪಾರ ಮಾಡುತ್ತಿದ್ದವನು. ಹಕ್ಕು ಸಲ್ಲಿಸುವ ಗಡುವು ಮುಗಿಯುವ ಹೊತ್ತಿಗೆ, 1853ರಲ್ಲಿ, ಗವರ್ನರ್ ಮಿಚೆಲ್ತೊರೇನಾ 1843ರಲ್ಲಿ ತನಗೆ ಕೊಟ್ಟದ್ದೆಂದು ಹೇಳಿ ಸ್ಯಾನ್ ಫ್ರಾನ್ಸಿಸ್ಕೊದ ನಾಲ್ಕು ಚದರ ಲೀಗ್ ನೆಲವನ್ನೂ, ಅದರ ಜೊತೆಗೆ ಆಲ್ಕಟ್ರಾಜ್ ಮೊದಲಾದ ದ್ವೀಪಗಳನ್ನೂ ಕೇಳಿದ. ನಗರ ಮತ್ತು ಲಿಮಂಟೂರ್ ಕೇಳಿದ್ದು ಒಂದೇ ಪ್ರಮಾಣದ ನೆಲ; ವ್ಯತ್ಯಾಸವೆಂದರೆ ನಗರದ ಬಳಿ ಕಾಗದವಿರಲಿಲ್ಲ, ಲಿಮಂಟೂರನ ಬಳಿ ಇದ್ದ ಕಾಗದಕ್ಕೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. 1856ರ ಜನವರಿಯಲ್ಲಿ ಭೂ ಆಯೋಗ ಅವನ ಹಕ್ಕನ್ನು ಎತ್ತಿಹಿಡಿದಾಗ ಊರಿಗೆ ಊರೇ ದಂಗಾಯಿತು. ಹೆದರಿದ ಕೆಲವರು ತಮ್ಮದೇ ಮನೆಯ ನೆಲವನ್ನು ಅವನಿಂದ ದುಡ್ಡು ಕೊಟ್ಟು ಬಿಡಿಸಿಕೊಂಡರು.

ಮುಂದೆ ವಾಷಿಂಗ್ಟನ್ನಿನಿಂದ ಸರ್ಕಾರದ ವಕೀಲನಾಗಿ ಎಡ್ವಿನ್ ಸ್ಟ್ಯಾಂಟನ್ ಬಂದು ಮೆಕ್ಸಿಕೊ ಕಾಲದ ಸರ್ಕಾರಿ ಕಾಗದಗಳನ್ನೆಲ್ಲ ಒಟ್ಟುಗೂಡಿಸಿದಾಗ ಗುಟ್ಟು ಬಿಚ್ಚಿತು. ಲಿಮಂಟೂರನ ಹಾಳೆಗಳ ಮೇಲಿದ್ದ ಸುಂಕದ ಕಟ್ಟೆಯ ಮುದ್ರೆಯನ್ನು ಅದೇ ಕಾಲದ ಅಸಲಿ ಕಾಗದಗಳ ಮೇಲಿದ್ದ ಮುದ್ರೆಯ ಪಕ್ಕದಲ್ಲಿಟ್ಟು, ಆಗಿನ್ನೂ ಹೊಸದಾಗಿದ್ದ ಛಾಯಾಚಿತ್ರದ ನೆರವಿನಿಂದ ಗೆರೆಗೆ ಗೆರೆ ಹೋಲಿಸಿ ನೋಡಲಾಯಿತು. ಅಚ್ಚು ಬೇರೆಯಾಗಿತ್ತು. 1858ರ ನವೆಂಬರಿನಲ್ಲಿ ನ್ಯಾಯಾಧೀಶ ಓಗ್ಡೆನ್ ಹಾಫ್‌ಮನ್ ಇಡೀ ಹಕ್ಕು ಖೋಟಾ ಎಂದು ತಳ್ಳಿಹಾಕುವ ಹೊತ್ತಿಗೆ ಲಿಮಂಟೂರ್ ದೇಶ ಬಿಟ್ಟಾಗಿತ್ತು. ದಾಖಲೆ ಅಚ್ಚುಕಟ್ಟಾಗಿದ್ದಷ್ಟೂ ಅನುಮಾನ ಹೆಚ್ಚಿರಬೇಕು ಎಂಬ ನನ್ನ ಕೆಟ್ಟ ಅಭ್ಯಾಸಕ್ಕೆ ಈ ಪ್ರಕರಣವೂ ಒಂದು ಕಾರಣ.

ದಾವೆ ನಡೆಯುತ್ತಿದ್ದಷ್ಟು ಕಾಲ ಮನೆ ಕಟ್ಟಿಕೊಂಡಿದ್ದವರ ಗತಿ ಏನಾಗಿತ್ತು?

ಯಾರ ಹಕ್ಕೂ ಗಟ್ಟಿಯಿರಲಿಲ್ಲ. 50 ವಾರಾ ಬದಿಯ, ಅಂದರೆ 137.5 ಅಡಿ ಚೌಕದ ನಿವೇಶನವನ್ನು ಅಲ್ಕಾಲ್ಡೆಯಿಂದ ಪಡೆದವರು ಒಂದು ಗುಂಪು. 1839ರಲ್ಲಿ ವಿಯೋಜೆ ಎಂಬಾತ ಮಾಡಿದ್ದ ನಕ್ಷೆಯಲ್ಲಿ ಬೀದಿಗಳ ಮೂಲೆಗಳು ಎರಡೂವರೆ ಡಿಗ್ರಿ ವಾರೆಯಾಗಿದ್ದವು. 1847ರಲ್ಲಿ ಜ್ಯಾಸ್ಪರ್ ಓಫ್ಯಾರೆಲ್ ಅದನ್ನು ನೇರ್ಪಡಿಸಲು ಹೋದಾಗ ಕೆಲವರ ನಿವೇಶನದ ತುದಿ ಬೀದಿಗೆ ಬಂದು ಬಿದ್ದಿತು. ಚಕ್ಕುಬಂದಿಯೇ ಅಲುಗಾಡುತ್ತಿದ್ದ ಊರಿನಲ್ಲಿ 1850ರಲ್ಲಿ ರಾಜ್ಯದ ಕೋರ್ಟು ಅಮೆರಿಕನ್ ಅಲ್ಕಾಲ್ಡೆಗಳ ಹಂಚಿಕೆ ಅನೂರ್ಜಿತವೆಂದಿತು. 1853ರಲ್ಲಿ ಅದೇ ಕೋರ್ಟು ಊರ್ಜಿತವೆಂದಿತು. ಇನ್ನೊಂದು ಗುಂಪು ಕಾಗದದ ಗೊಡವೆಗೇ ಹೋಗದೆ ರಾತ್ರೋರಾತ್ರಿ ಬೇಲಿ ಹಾಕಿ ಕೂತವರದು.

ಕೊನೆಗೆ ನಗರ ಕಂಡುಕೊಂಡ ದಾರಿ 1855ರ ಜೂನ್ 20ರ ವ್ಯಾನ್ ನೆಸ್ ಕಟ್ಟಳೆ. ಆ ವರ್ಷದ ಜನವರಿ 1ರಂದು ಅಥವಾ ಅದಕ್ಕೆ ಮೊದಲು ನೆಲದ ನಿಜವಾದ ಸ್ವಾಧೀನದಲ್ಲಿದ್ದು, ಕಟ್ಟಳೆ ಮಂಡನೆಯಾಗುವವರೆಗೂ ಬಿಡದೆ ಉಳಿದವರಿಗೆ, 1851ರ ನಗರ ಎಲ್ಲೆಯೊಳಗಿನ ತನ್ನ ಹಕ್ಕನ್ನು ನಗರ ಬಿಟ್ಟುಕೊಟ್ಟಿತು. ಪ್ರತಿಯಾಗಿ ಬೀದಿಗಳಿಗೂ ಚೌಕಗಳಿಗೂ ಜಾಗ ಉಳಿಸಿಕೊಂಡಿತು. 1858ರಲ್ಲಿ ರಾಜ್ಯ ಶಾಸನಸಭೆ ಇದನ್ನು ಸ್ಥಿರೀಕರಿಸಿತು. ಒತ್ತುವರಿಯನ್ನು ಸಕ್ರಮಗೊಳಿಸಿದ್ದೆಂದು ಇದನ್ನು ಹಳಿಯುವುದು ಸುಲಭ. ಆದರೆ ತನ್ನ ಹಕ್ಕೇ ಕೋರ್ಟಿನಲ್ಲಿ ತೂಗಾಡುತ್ತಿದ್ದಾಗ ನಗರ ಬಿಟ್ಟುಕೊಟ್ಟದ್ದು ಜಮೀನನ್ನಲ್ಲ, ಜಮೀನಿನ ಮೇಲಿನ ಒಂದು ಭರವಸೆಯನ್ನು. ಅದರ ಬದಲಿಗೆ ಪಡೆದದ್ದು ಬೀದಿ, ಚೌಕ ಮತ್ತು ತಕ್ಕಮಟ್ಟಿನ ಶಾಂತಿ. ವ್ಯವಹಾರ ನಷ್ಟದ್ದೆಂದು ನನಗೆ ಅನ್ನಿಸುವುದಿಲ್ಲ.

## ಇನ್ನೂ ಒಳಹೊಕ್ಕು ಕೇಳುವವರಿಗೆ

ಫೀಲ್ಡ್ ತೀರ್ಪಿನ ಪ್ರಕಾರ ಊರು ನೆಲದ ಮಾಲೀಕನೋ, ಟ್ರಸ್ಟಿಯೋ?

ಟ್ರಸ್ಟಿ. ನಿವೇಶನಗಳನ್ನು ಈಗಾಗಲೇ ಪಡೆದವರ ಅನುಕೂಲಕ್ಕಾಗಿಯೂ, ಉಳಿದ ನೆಲವನ್ನು ನಿವಾಸಿಗಳೆಲ್ಲರ ಉಪಯೋಗಕ್ಕಾಗಿಯೂ ಊರು ಹಿಡಿದುಕೊಂಡಿರಬೇಕೆಂದು ಡಿಕ್ರಿ ಹೇಳಿತು. ಈ ಒಂದು ಮಾತಿನಿಂದ ಎರಡು ಫಲ ಬಂದವು. ನಗರಕ್ಕೆ ಸಾಲ ಕೊಟ್ಟವರು ನೆಲದ ತಂಟೆಗೆ ಬಾರದಂತಾಯಿತು, ಮತ್ತು ವ್ಯಾನ್ ನೆಸ್ ಕಟ್ಟಳೆಯಂಥ ಹಂಚಿಕೆಗೆ ಟ್ರಸ್ಟಿಯ ಕರ್ತವ್ಯವೆಂಬ ಸಮರ್ಥನೆ ಸಿಕ್ಕಿತು. ಆದರೂ ಸ್ಥಿರೀಕರಣ ಆಗುವವರೆಗೆ ಪ್ವೆಬ್ಲೊ ಹಕ್ಕು ಅಪೂರ್ಣವೇ ಎಂಬುದನ್ನು ಗ್ರಿಸಾರ್ ವಿರುದ್ಧ ಮ್ಯಾಕ್‌ಡೊವೆಲ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅದರ ಬಲದ ಮೇಲೆಯೇ ಸೇನೆ ತಾನು ಕಾಯ್ದಿರಿಸಿಕೊಂಡ ಜಾಗಗಳನ್ನು ಉಳಿಸಿಕೊಂಡಿತು.

ತೀರ್ಪು ಕೊಟ್ಟ ನ್ಯಾಯಾಧೀಶನಿಗೆ ಬಾಂಬ್ ಕಳಿಸಿದ್ದರಂತೆ?

ಹೌದು. 1866ರ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿದ್ದ ಫೀಲ್ಡ್‌ಗೆ ಅಂಚೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಬಂತು. ಮುಚ್ಚಳವನ್ನು ಸ್ವಲ್ಪ ಎತ್ತಿದೊಡನೆ ಒಳಗೆ ಕಪ್ಪಗೆ ಏನೋ ಕಂಡು ಆತ ಕೈ ತಡೆದ. ಜೊತೆಯಲ್ಲಿದ್ದ ಗೆಳೆಯ ಲೇಕ್ ಅದು ಸ್ಫೋಟಕವೆಂದು ಗುರುತಿಸಿದ. ಮುಚ್ಚಳ ಪೂರ್ತಿ ತೆರೆದರೆ ಕಡ್ಡಿ ಉಜ್ಜಿ ಮದ್ದಿಗೆ ಕಿಡಿ ತಗಲುವಂತೆ ಅದನ್ನು ಜೋಡಿಸಿದ್ದರು. ಒಳಗೆ ಅಂಟಿಸಿದ್ದದ್ದು ಪ್ವೆಬ್ಲೊ ತೀರ್ಪಿನ ಸುದ್ದಿಯಿದ್ದ, ಪತ್ರಿಕೆಯಿಂದ ಕತ್ತರಿಸಿದ ತುಣುಕು.

ಕಾಂಗ್ರೆಸ್ಸೇ ಕಾನೂನು ಮಾಡಿ ನೆಲ ಬಿಟ್ಟುಕೊಟ್ಟ ಮೇಲೆ ಕೋರ್ಟಿನ ತೀರ್ಪಿಗೆ ಬೆಲೆ ಎಲ್ಲಿ ಉಳಿಯಿತು?

ಡಿಕ್ರಿಯ ಮೇಲೆ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿದ್ದಾಗ, 1866ರ ಮಾರ್ಚ್ 8ರ ಕಾಯ್ದೆಯಿಂದ ಕಾಂಗ್ರೆಸ್ ತನ್ನ ಹಕ್ಕನ್ನು ನಗರಕ್ಕೆ ಬಿಟ್ಟುಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೇಲ್ಮನವಿ ವಜಾ ಆಯಿತು. ಪ್ವೆಬ್ಲೊ ನಿಜವಾಗಿಯೂ ಇತ್ತೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟು ಹೀಗೆ ಆ ಮೇಲ್ಮನವಿಯಲ್ಲಿ ತೀರ್ಮಾನಿಸಬೇಕಾಗಿ ಬರಲಿಲ್ಲ. ಆದರೆ ಕಾಂಗ್ರೆಸ್ ಬಿಟ್ಟುಕೊಟ್ಟದ್ದು ಫೀಲ್ಡ್ ಡಿಕ್ರಿಯಲ್ಲಿ ಹೇಳಿದ ನೆಲವನ್ನು, ಆ ಡಿಕ್ರಿಯ ಟ್ರಸ್ಟಿನ ಚೌಕಟ್ಟಿನೊಳಗೆ. ತೀರ್ಪಿಲ್ಲದೆ ಕಾಯ್ದೆಗೆ ಎಲ್ಲೆಯೇ ಇರುತ್ತಿರಲಿಲ್ಲ.

ಗೋಲ್ಡನ್ ಗೇಟ್ ಪಾರ್ಕಿಗೂ ಈ ದಾವೆಗೂ ಏನು ನಂಟು?

ನೇರವಾದ ನಂಟು. 1851ರ ಎಲ್ಲೆಯಾಚೆ, ಪಶ್ಚಿಮ ಸಮುದ್ರದವರೆಗೆ ಹಬ್ಬಿದ್ದ ಮರಳುದಿಣ್ಣೆಗಳ ‘ಹೊರಭೂಮಿ’ಯೂ ಡಿಕ್ರಿಯಿಂದ ಊರಿಗೆ ಬಂತು. ಅಲ್ಲಿಯೂ ಸ್ವಾಧೀನದಾರರಿದ್ದರು. ಮೇಯರ್ ಫ್ರ್ಯಾಂಕ್ ಮೆಕಾಪಿನ್‌ನ ಕಾಲದಲ್ಲಿ ನಡೆದ ಸಂಧಾನದಲ್ಲಿ, ಅವರ ಹಕ್ಕನ್ನು ಒಪ್ಪುವುದಕ್ಕೆ ಬದಲಾಗಿ ಸಾರ್ವಜನಿಕ ಉಪಯೋಗಕ್ಕೆ ಜಾಗ ಬಿಡಿಸಿಕೊಳ್ಳಲಾಯಿತು. ಇಂದು 1,017 ಎಕರೆಯ ಆ ಉದ್ಯಾನ ಇರುವುದು ಹಾಗೆ ಬಿಡಿಸಿಕೊಂಡ ನೆಲದಲ್ಲಿ.

ಮೂಲನಿವಾಸಿಗಳ ಹಕ್ಕನ್ನು ಯಾರೂ ಎತ್ತಲಿಲ್ಲವೇ?

ಈ ದಾವೆಯಲ್ಲಿ ಎತ್ತಲಿಲ್ಲ. ಆ ಪರ್ಯಾಯ ದ್ವೀಪ ರಾಮಾಯ್ತುಶ್ ಓಲೋನಿ ಜನರ ನೆಲ. ಮಿಷನ್ ಕಟ್ಟಿದ್ದು ಅವರ ದುಡಿಮೆಯಿಂದ. ಮಿಷನ್‌ಗಳ ಮೂಲನಿವಾಸಿಗಳ ಭೂಹಿಡುವಳಿ ಎಂಥದೆಂದು ವರದಿ ಮಾಡುವಂತೆ 1851ರ ಕಾಯ್ದೆ ಆಯೋಗಕ್ಕೆ ಹೇಳಿತ್ತಾದರೂ, ಹಕ್ಕು ಸಲ್ಲಿಸಬೇಕಾದ ಗಡುವು ಅವರಿಗೂ ಅನ್ವಯವಾಗುತ್ತದೆಂದು ಅವರಿಗೆ ತಿಳಿಸುವವರಿರಲಿಲ್ಲ. 1901ರಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದ ಕುಪೆನ್ಯೊ ಜನರ ಊರಿಗೆ ಸಂಬಂಧಿಸಿದ ಬಾರ್ಕರ್ ವಿರುದ್ಧ ಹಾರ್ವೆ ಪ್ರಕರಣದಲ್ಲಿ, ಗಡುವಿನೊಳಗೆ ಬಾರದ ಅವರ ಹಕ್ಕು ನಷ್ಟವಾಯಿತೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಊರು ಇತ್ತೆಂದು ತೋರಿಸಿದರೆ ಸಾಕೆಂಬ ಔದಾರ್ಯ, ಅದಕ್ಕಿಂತ ಎಷ್ಟೋ ಹಳೆಯ ಊರುಗಳಿಗೆ ದಕ್ಕಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊಗಿಂತ ಹಳೆಯದಾದ ಸ್ಯಾಂಟಾ ಫೆ ಇದೇ ವಾದ ಹೂಡಿ ಸೋತದ್ದೇಕೆ?

ಕಾಯ್ದೆ ಬೇರೆಯಾಗಿದ್ದರಿಂದ. ನ್ಯೂ ಮೆಕ್ಸಿಕೊ ಮೊದಲಾದ ಪ್ರಾಂತ್ಯಗಳಿಗಾಗಿ 1891ರಲ್ಲಿ ಪ್ರತ್ಯೇಕ ಭೂಹಕ್ಕು ನ್ಯಾಯಾಲಯ ಸ್ಥಾಪನೆಯಾಯಿತು. ಸ್ಯಾಂಟಾ ಫೆ ನಗರವು ಸ್ಪೇನಿನ ಕಾನೂನಿನಂತೆ ಪ್ರತಿಯೊಂದು ಊರಿಗೂ ನಾಲ್ಕು ಚದರ ಲೀಗ್ ತಾನಾಗಿಯೇ ಸಲ್ಲುತ್ತದೆಂದು ಅಲ್ಲಿ ವಾದಿಸಿತು. 1897ರಲ್ಲಿ ಸುಪ್ರೀಂ ಕೋರ್ಟಿನ ಪರವಾಗಿ ನ್ಯಾಯಮೂರ್ತಿ ವೈಟ್, ಅಂಥ ಸ್ವಯಂಚಾಲಿತ ಹಕ್ಕು ಸ್ಪೇನಿನ ಕಾನೂನಿನಲ್ಲಿ ಇರಲಿಲ್ಲ, ನೆಲವನ್ನು ಗುರುತಿಸಿ ಮಂಜೂರು ಮಾಡಿರಬೇಕಾಗಿತ್ತು ಎಂದರು. ಕ್ಯಾಲಿಫೋರ್ನಿಯಾದ 14ನೆಯ ಕಲಮಿನಂಥ ಅನುಕೂಲ 1891ರ ಕಾಯ್ದೆಯಲ್ಲಿ ಇರಲಿಲ್ಲ. 1900ರಲ್ಲಿ ಕಾಂಗ್ರೆಸ್ಸಿನ ವಿಶೇಷ ಕಾಯ್ದೆಯೇ ಆ ನಗರದ ನೆಲದ ಗೊಂದಲ ಬಿಡಿಸಬೇಕಾಯಿತು. ಲಾಸ್ ಏಂಜಲೀಸ್ ಹದಿನಾರು ಚದರ ಲೀಗ್ ಕೇಳಿ ನಾಲ್ಕನ್ನು ಪಡೆದದ್ದು ಕೂಡ ಕ್ಯಾಲಿಫೋರ್ನಿಯಾದ ಕಾಯ್ದೆಯಡಿಯಲ್ಲಿಯೇ.

1866ಕ್ಕೆ ಎಲ್ಲ ಮುಗಿದ ಮೇಲೆ ಹಕ್ಕುಪತ್ರ ಕೈಗೆ ಬಂದದ್ದು 1884ರಲ್ಲಿ ಯಾಕೆ?

ಎಲ್ಲೆ ಗುರುತಿಸುವ ಜಗಳದಿಂದ. 1846ರ ಜುಲೈ 7ರಂದು ಇದ್ದ ಭರತದ ಗೆರೆಯೇ ಊರಿನ ಅಂಚೆಂದು ಡಿಕ್ರಿ ಹೇಳಿತ್ತು. ಆದರೆ ಮಧ್ಯದ ವರ್ಷಗಳಲ್ಲಿ ಕೊಲ್ಲಿಯ ದಡಕ್ಕೆ ಮಣ್ಣು ತುಂಬಿ ಬೀದಿಗಳನ್ನು ಮಾಡಲಾಗಿತ್ತು. ಹಳೆಯ ಗೆರೆ ಮನೆಗಳ ಅಡಿಯಲ್ಲಿ ಹೂತಿತ್ತು. ಭರತದ ನೀರು ನುಗ್ಗುವ ಹಳ್ಳಗಳನ್ನು, ಮುಖ್ಯವಾಗಿ ಮಿಷನ್ ಕ್ರೀಕನ್ನು, ಒಳಗೆ ಸೇರಿಸಬೇಕೇ, ಅದರ ದಂಡೆಯುದ್ದಕ್ಕೂ ಒಳಹೊಕ್ಕು ಬಳಸಿ ಬರಬೇಕೇ ಎಂಬುದರ ಮೇಲೆ ಬೆಲೆಬಾಳುವ ಜಾಗಗಳ ಹಣೆಬರಹ ನಿಂತಿತ್ತು. ಒಂದು ಸರ್ವೆ ತಿರಸ್ಕೃತವಾಗಿ ಇನ್ನೊಂದು ನಡೆಯಿತು. ಪತ್ರ ಬಂದ ಮೇಲೂ ಸುಪ್ರೀಂ ಕೋರ್ಟು 1891ರಲ್ಲಿ, ನೈಟ್ ವಿರುದ್ಧ ಯುನೈಟೆಡ್ ಲ್ಯಾಂಡ್ ಅಸೋಸಿಯೇಷನ್ ಪ್ರಕರಣದಲ್ಲಿ, ಅದೇ ಹಳ್ಳದ ಎಲ್ಲೆಯನ್ನು ಮತ್ತೆ ನೋಡಬೇಕಾಯಿತು.

ಪ್ವೆಬ್ಲೊ ಹಕ್ಕು ಇವತ್ತಿಗೂ ಕೋರ್ಟಿನಲ್ಲಿ ನಡೆಯುತ್ತದೆಯೇ?

ನೆಲದ ವಿಷಯದಲ್ಲಿ ಅದು ಚರಿತ್ರೆ. ನೀರಿನ ವಿಷಯದಲ್ಲಿ ಜೀವಂತ. ಪ್ವೆಬ್ಲೊದ ಉತ್ತರಾಧಿಕಾರಿಯಾದ ನಗರಕ್ಕೆ ತನ್ನ ಮೂಲಕ ಹರಿಯುವ ನದಿಯ ನೀರಿನ ಮೇಲೆ ಇತರರಿಗಿಂತ ಮೊದಲ ಹಕ್ಕಿದೆ ಎಂಬ ವಾದವನ್ನು ಲಾಸ್ ಏಂಜಲೀಸ್ ಬೆಳೆಸಿತು, ಮತ್ತು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1975ರಲ್ಲಿ ಲಾಸ್ ಏಂಜಲೀಸ್ ವಿರುದ್ಧ ಸ್ಯಾನ್ ಫೆರ್ನ್ಯಾಂಡೊ ಪ್ರಕರಣದಲ್ಲಿ ಅದನ್ನು ಉಳಿಸಿಕೊಂಡಿತು. ನ್ಯೂ ಮೆಕ್ಸಿಕೊದ ಸುಪ್ರೀಂ ಕೋರ್ಟು 1958ರಲ್ಲಿ ಇದನ್ನು ಒಪ್ಪಿ, 2004ರಲ್ಲಿ, ತನ್ನ ರಾಜ್ಯದ ಲಾಸ್ ವೇಗಸ್ ಪಟ್ಟಣದ ಪ್ರಕರಣದಲ್ಲಿ, ತನ್ನ ಹಳೆಯ ತೀರ್ಪನ್ನು ತಾನೇ ಕೈಬಿಟ್ಟಿತು.